ಬಾನೆಟ್ ಒಳಗೆ ಶೀಟ್ ಅಂಟಿಸಿದರೆ ಕಾರಿನ ಸದ್ದು, ಬಿಸಿ ಕಡಿಮೆ ಆಗುತ್ತಾ?

ಪ್ರಶ್ನೆ: ನನ್ನದು ಹಳೇ ಡೀಸೆಲ್ ಕಾರು. ತುಮಕೂರಿನ ಶಿರಾ ಗೇಟ್‌ನಿಂದ ದಿನಾ ದಾಬಸ್‌ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಒಳಗೆ ಎಂಜಿನ್ ಸದ್ದು ಜಾಸ್ತಿ, ಕಾಲ ಹತ್ತಿರ ಬಿಸಿ. ಬಾನೆಟ್ ಒಳಗಡೆ ಇನ್ಸುಲೇಷನ್ ಶೀಟ್ ಅಂಟಿಸಿದರೆ ಎರಡೂ ಹೋಗುತ್ತೆ ಅಂತ ಆಕ್ಸೆಸರೀಸ್ ಅಂಗಡಿಯವರು ಹೇಳುತ್ತಾರೆ. ಶಾಖ ಅಲ್ಲೇ ಉಳಿದು ಎಂಜಿನ್ ಹೀಟ್ ಆಗಲ್ವಾ?

ಉತ್ತರ: ಕೊನೆಯ ಭಯ ಮೊದಲು ಬಿಡಿ. ಎಂಜಿನ್‌ನ ಬಿಸಿ ಹೊರಗೆ ಹೋಗುವುದು ಮುಖ್ಯವಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಪೈಪಿನ ಮೂಲಕ. ಬಾನೆಟ್ ತಗಡಿನಿಂದ ಹೋಗುವ ಪಾಲು ತೀರಾ ಕಡಿಮೆ. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ), ಅದರ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್, ಫ್ಯಾನ್ ಸರಿಯಾಗಿದ್ದರೆ ಒಂದು ಪ್ಯಾಡ್‌ನಿಂದ ಟೆಂಪರೇಚರ್ ಮುಳ್ಳು ಮೇಲೇರುವುದಿಲ್ಲ. ಎಷ್ಟೋ ಕಾರುಗಳಿಗೆ ಕಂಪನಿಯವರೇ ಪ್ಯಾಡ್ ಹಾಕಿ ಕೊಡುತ್ತಾರಲ್ಲ.

ಅಂಗಡಿಯವರ ಮಾತು ಅರ್ಧ ನಿಜ. ಡೀಸೆಲ್ ಎಂಜಿನ್‌ನ ಟಕಟಕ ಸದ್ದು ಕಾರಿನ ಹೊರಗೆ ನಿಂತವರಿಗೆ ಖಂಡಿತ ಮೆತ್ತಗಾಗುತ್ತದೆ. ಬಾನೆಟ್ ಪೇಂಟ್‌ಗೂ ಶಾಖದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ದೇವರಾಯನದುರ್ಗ ಹತ್ತಿ ಕಾರು ನಿಲ್ಲಿಸಿದ ಮೇಲೆ ಬಾನೆಟ್ ಮುಟ್ಟಿ ನೋಡಿ. ಓಡುವಾಗ ಇದ್ದ ಗಾಳಿ ನಿಂತುಹೋಗಿ, ಎಂಜಿನ್‌ನ ಬಿಸಿಯೆಲ್ಲ ಮೇಲಕ್ಕೆ ಬಂದು ಆ ತಗಡು ಇನ್ನಷ್ಟು ಕಾಯುತ್ತದೆ. ಪ್ಯಾಡ್ ಕೆಲಸಕ್ಕೆ ಬರುವುದು ಅಲ್ಲಿ.

ಆದರೆ ನೀವು ಕೂತಿರುವುದು ಕಾರಿನ ಒಳಗೆ. ಅಲ್ಲಿಗೆ ಎಂಜಿನ್ ಸದ್ದು ಬರುವುದು ಹೆಚ್ಚಾಗಿ ಫೈರ್‌ವಾಲ್ ದಾಟಿ, ಅಂದರೆ ಎಂಜಿನ್‌ಗೂ ನಿಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆ ದಾಟಿ. ವೈರಿಂಗ್, ಕ್ಲಚ್ ಕೇಬಲ್, ಸ್ಟೀರಿಂಗ್ ಹಾದುಹೋಗುವ ತೂತುಗಳಿಗೆ ಗ್ರಾಮೆಟ್, ಅಂದರೆ ಸಂದಿ ಮುಚ್ಚುವ ರಬ್ಬರ್ ಬಳೆ ಇರುತ್ತದೆ. ಹಳೇ ಕಾರಲ್ಲಿ ಅದು ಒಣಗಿ ಬಿರುಕು ಬಿಟ್ಟಿರುತ್ತದೆ. ಮ್ಯೂಸಿಕ್ ಸಿಸ್ಟಮ್ ಹಾಕಿದವರು ಆಂಪ್ಲಿಫೈಯರ್ ವೈರ್ ಎಳೆಯಲು ಗ್ರಾಮೆಟ್ ಕಿತ್ತು ಹಾಗೇ ಬಿಟ್ಟಿರುವುದೂ ಉಂಟು. ಬೆರಳು ತೂರುವಷ್ಟು ಸಂದಿಯಿದ್ದರೂ ಸದ್ದು ಸಲೀಸಾಗಿ ಬರುತ್ತದೆ. ಎಂಜಿನ್ ಅನ್ನು ಬಾಡಿಗೆ ಕೂರಿಸುವ ಮೌಂಟಿಂಗ್ ರಬ್ಬರ್ ಕೂತುಹೋಗಿದ್ದರೆ ನಡುಕ ನೇರವಾಗಿ ಬಾಡಿಗೆ ಬರುತ್ತದೆ. ನಿಂತಲ್ಲೇ ಸ್ಟೀರಿಂಗ್, ಸೀಟು ಅದುರುತ್ತಿದ್ದರೆ ಮೊದಲು ಮೌಂಟಿಂಗ್ ನೋಡಿಸಿ. ಅದನ್ನು ಯಾವ ಶೀಟೂ ಸರಿ ಮಾಡುವುದಿಲ್ಲ.

ಹೈವೇಯಲ್ಲಿ ಇನ್ನೊಂದು ವಿಷಯ ಗಮನಿಸಿ. ನಿಂತಾಗ ಸದ್ದು ಪರವಾಗಿಲ್ಲ, 80ರ ಮೇಲೆ ಹೋದಾಗ ಮಾತ್ರ ಜಾಸ್ತಿ, ಟಾರಿನಿಂದ ಕಾಂಕ್ರೀಟ್‌ಗೆ ಬಂದ ಕೂಡಲೇ ಅದರ ದನಿಯೇ ಬದಲಾಗುತ್ತದೆ ಎಂದರೆ, ನೀವು ಎಂಜಿನ್ ಅಂದುಕೊಂಡಿದ್ದು ಟೈರ್. ಆಗ ಬಾನೆಟ್‌ಗೆ ಸುರಿಯುವ ದುಡ್ಡು ದಂಡ.

ಕಾಲ ಹತ್ತಿರದ ಬಿಸಿಗೂ ಬಾನೆಟ್‌ಗೂ ಸಂಬಂಧ ಕಡಿಮೆ. ಹೀಟರ್‌ಗೆ ಸದಾ ಬಿಸಿ ಕೂಲೆಂಟ್ ಹರಿಯುವ ಕಾರುಗಳೇ ಹೆಚ್ಚು. ನಾಬ್ ತಣ್ಣಗೆ ಇಟ್ಟರೂ ಒಳಗಿನ ಫ್ಲಾಪ್ ಪೂರ್ತಿ ಮುಚ್ಚದಿದ್ದರೆ ಬೆಚ್ಚನೆ ಗಾಳಿ ಬರುತ್ತಲೇ ಇರುತ್ತದೆ. ಕೇಬಲ್ ಸಡಿಲವಾಗಿದ್ದರೆ ಸಣ್ಣ ಕೆಲಸ, ಎಸಿ ಮೆಕ್ಯಾನಿಕ್ ನೋಡುತ್ತಾರೆ. ಕಾರನ್ನು ಲಿಫ್ಟ್ ಮೇಲೆ ಹಾಕಿಸಿದಾಗ ಸೈಲೆನ್ಸರ್ ಪೈಪ್ ಮೇಲೆ ಶಾಖ ತಡೆಯುವ ತಗಡು, ಅಂದರೆ ಹೀಟ್ ಶೀಲ್ಡ್ ಇದೆಯಾ ಅಂತಲೂ ನೋಡಿ. ತುಕ್ಕು ಹಿಡಿದು ಗಡಗಡ ಅಂದ ತಕ್ಷಣ ಕಿತ್ತು ಬಿಸಾಕುವವರಿದ್ದಾರೆ.

ಇಷ್ಟೆಲ್ಲ ನೋಡಿಸಿದ ಮೇಲೂ ಬಾನೆಟ್‌ಗೆ ಹಾಕಿಸುವ ಆಸೆಯಿದ್ದರೆ, ಡೀಸೆಲ್ ಕಾರಿಗೆ ನಾನು ಬೇಡ ಅನ್ನುವುದಿಲ್ಲ. ಮೊದಲು ಬಾನೆಟ್ ಎತ್ತಿ ಒಳಗೆ ಖಾಲಿ ಕ್ಲಿಪ್ ತೂತುಗಳಿವೆಯಾ ನೋಡಿ. ಮೇಲಿನ ವೇರಿಯಂಟ್‌ಗೆ ಪ್ಯಾಡ್ ಕೊಟ್ಟು ಕೆಳಗಿನದಕ್ಕೆ ಬಿಟ್ಟಿರುವ ಮಾಡೆಲ್‌ಗಳಿವೆ. ಹಾಗಿದ್ದರೆ ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಅದೇ ಪ್ಯಾಡ್, ಕ್ಲಿಪ್ ಕೇಳಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಅಳತೆಗೆ ಸರಿಯಾಗಿ ಕೂರುತ್ತದೆ, ಅಂಟಿನ ರಗಳೆಯಿಲ್ಲ.

ಅದು ಸಿಗದಿದ್ದರೆ ಶೀಟ್. ಇದರಲ್ಲಿ ಎರಡು ಬಗೆ. ಅಲ್ಯೂಮಿನಿಯಂ ಹಾಳೆ ಇರುವ ಬ್ಯುಟೈಲ್ ರಬ್ಬರ್ ಶೀಟ್ ತಗಡಿನ ಅದುರಾಟ ತಡೆಯುತ್ತದೆ, ಸ್ಟೀಲ್ ತಟ್ಟೆ ಬಡಿದು ಅಂಗೈ ಇಟ್ಟರೆ ಸದ್ದು ನಿಲ್ಲುತ್ತಲ್ಲ, ಹಾಗೆ. ಎರಡನೇ ಬಗೆ ಫೋಮ್, ಶಾಖ ತಡೆಯುವ ಕೆಲಸ ಅದರದ್ದು. ಫೋಮ್ ನೀರು, ಆಯಿಲ್ ಹೀರದ ಬಗೆಯದ್ದಾಗಿರಬೇಕು. ಸೋಫಾದ ಸ್ಪಂಜಿನಂಥದ್ದು ತಂದರೆ ಆಯಿಲ್ ಕುಡಿದು ಬೆಂಕಿಗೆ ದಾರಿಯಾಗುತ್ತದೆ. ಕೊಳ್ಳುವ ಮೊದಲು ಒಂದು ಚೂರು ಕೇಳಿ ಪಡೆದು, ಬಯಲಲ್ಲಿ ಇಕ್ಕಳದಿಂದ ಹಿಡಿದು ಲೈಟರ್ ತೋರಿಸಿ. ಲೈಟರ್ ತೆಗೆದ ಮೇಲೂ ಉರಿಯುತ್ತಿದ್ದರೆ ಅದು ಬೇಡ. ಡಾಂಬರಿನ ಅಗ್ಗದ ಶೀಟೂ ಬೇಡ. ಶಾಖಕ್ಕೆ ಮೆತ್ತಗಾಗಿ ಜಾರುತ್ತದೆ, ವಾಸನೆ ಬೇರೆ.

ಬ್ಯುಟೈಲ್ ಶೀಟ್‌ಗೆ ತೂಕ ಇದೆ. 2 ಮಿಲಿಮೀಟರ್ ದಪ್ಪದ್ದು ಒಂದು ಚದರ ಮೀಟರ್‌ಗೆ ಸುಮಾರು 3 ಕಿಲೋ. ಬಾನೆಟ್ ಪೂರ್ತಿ ಮುಚ್ಚಬೇಕಿಲ್ಲ, ತಗಡಿನ ಅಗಲ ಭಾಗಗಳ ಮಧ್ಯೆ ಹಾಕಿದರೆ ಸಾಕು. ಬಾನೆಟ್ ಎತ್ತಿ ಹಿಡಿಯಲು ಗ್ಯಾಸ್ ಸ್ಟ್ರಟ್ ಇರುವ ಕಾರಾದರೆ ಭಾರ ಹೆಚ್ಚಾಗಿ ಬಾನೆಟ್ ಕೆಳಕ್ಕೆ ಕೂರಬಹುದು. ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳನ್ನು ಮುಚ್ಚಲೇಬೇಡಿ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಅಂಟಿಸುವ ಮೊದಲು ಜಿಡ್ಡು, ಧೂಳು ಚೆನ್ನಾಗಿ ಒರೆಸಿ ಒಣಗಿಸಿರಬೇಕು. ಫೋಮ್ ಅಂಟಿನ ಮೇಲೇ ನಿಂತಿರಬಾರದು, ಕ್ಲಿಪ್ಪೂ ಇರಲಿ. ಅಲ್ಯೂಮಿನಿಯಂ ಹಾಳೆ ಕಿತ್ತು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಮೇಲೆ ಬಿದ್ದರೆ ಶಾರ್ಟ್ ಆಗಬಹುದು. ಬೆಲ್ಟ್‌ಗೆ ಸಿಕ್ಕರೂ ಕಷ್ಟ. ಎಂಜಿನ್ ಕವರ್‌ಗೂ ಫೋಮ್‌ಗೂ ನಡುವೆ ಜಾಗ ಬಿಟ್ಟಿರಬೇಕು, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ವಾಲಾಡುತ್ತದೆ.

ಇಲಿ ಕಾಟ ಇರುವ ಕಡೆ, ಅದರಲ್ಲೂ ರಾಗಿ ಚೀಲ, ದನದ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುವವರು, ನಾರಿನ ಪ್ಯಾಡ್ ಹಾಕುವ ಮೊದಲು ಯೋಚಿಸಿ. ಇಲಿ ಅದನ್ನು ಕಿತ್ತು ಗೂಡು ಮಾಡುತ್ತದೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಪ್ಯಾಡಿನ ಚೂರು ಬಿದ್ದಿದ್ದರೆ ವೈರಿಂಗ್ ಕಡಿದಿದೆಯಾ ಅಂತ ನೋಡಿದ ಮೇಲೇ ಸ್ಟಾರ್ಟ್ ಮಾಡಿ.