ಹೊಲದಲ್ಲಿ ಸಿಕ್ಕ ವಜ್ರ ಹಳದಿ ಯಾಕೆ? ತೊಳೆದರೆ ಹೋಗುತ್ತದೆಯೇ?

ಪ್ರಶ್ನೆ: ಮುಂಗಾರು ಮಳೆ ಬಿದ್ದ ಮೇಲೆ ಆಂಧ್ರದ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ಸಿಗುವ ವಜ್ರಗಳಲ್ಲಿ ಕೆಲವು ಹಳದಿ ಇರುತ್ತವೆ. ಅದು ಮಣ್ಣಿನ ಕೊಳೆಯೇ? ಕಾಯಿಸಿದರೆ, ಆಸಿಡ್ ಹಾಕಿದರೆ ಬೆಳ್ಳಗಾಗುತ್ತದೆಯೇ?

ಉತ್ತರ: ಆದೋನಿ, ಆಲೂರು, ಗುಂತಕಲ್ ಕಡೆಯ ಕನ್ನಡಿಗರು ಮಳೆಗಾಲ ಬಂತೆಂದರೆ ಕೇಳುವ ಪ್ರಶ್ನೆ ಇದು. ಹಳದಿಯಲ್ಲಿ ಎರಡು ಬಗೆ ಇದೆ. ಯಾವುದೆಂದು ತಿಳಿಯುವವರೆಗೆ ಕಲ್ಲನ್ನು ಒಲೆಯ ಹತ್ತಿರ ಒಯ್ಯಬೇಡಿ.

ಮೊದಲು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಒಣಗಿದ ಮೇಲೆ ಬಿಳಿ ಕಾಗದದ ಮೇಲಿಟ್ಟು, ಹಗಲು ಬೆಳಕಿನಲ್ಲಿ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿ. ಕೆಂಪು ನೆಲದ ಕಬ್ಬಿಣದ ಆಕ್ಸೈಡ್ ಬಿರುಕು, ಗುಂಡಿಗಳಲ್ಲಿ ಕಂದು ಗೆರೆಯಾಗಿ ಕೂತಿರುತ್ತದೆ. ಬಿರುಕಿನ ಅಂಚು ದಾಟಿದರೆ ಕಲ್ಲು ತಿಳಿಯಾಗಿ ಕಾಣುತ್ತದೆ. ಇದು ಕಲೆ. ಲ್ಯಾಬಿನವರು ಆಸಿಡ್‌ನಲ್ಲಿ ಇದನ್ನು ಬಹುಮಟ್ಟಿಗೆ ತೆಗೆಯುತ್ತಾರೆ. ಮನೆಯಲ್ಲಿ ಮಾತ್ರ ಬೇಡ, ಕಾಯಿಸಿದ ಆಸಿಡ್‌ನ ಹಬೆ ಶ್ವಾಸಕೋಶವನ್ನು ಸುಡುತ್ತದೆ.

ಕಲ್ಲಿನ ಮೈಯೆಲ್ಲಾ ಒಂದೇ ಸಮ ಹಳದಿ ಇದ್ದರೆ ಅದು ಸಾರಜನಕದ ಕೆಲಸ. ಅದು ಯಾವ ಆಸಿಡ್‌ಗೂ ಬಿಡುವುದಿಲ್ಲ. ವಜ್ರದ ಇಂಗಾಲದ ಜಾಲ ಬಹಳ ಬಿಗಿ. ದೊಡ್ಡ ಪರಮಾಣುಗಳಿಗೆ ಅಲ್ಲಿ ಜಾಗವಿಲ್ಲ. ಗಾತ್ರದಲ್ಲಿ ಇಂಗಾಲಕ್ಕೆ ಹತ್ತಿರವಿರುವ, ಆವರ್ತ ಕೋಷ್ಟಕದಲ್ಲೂ ಅದರ ಅಕ್ಕಪಕ್ಕದ ಮನೆಯವರೇ ಆದ ಸಾರಜನಕ, ಬೋರಾನ್‌ಗಳಿಗೆ ಮಾತ್ರ ಒಳಗೆ ಕೂರುವುದು ಸುಲಭ.

ಬಣ್ಣ ನಿರ್ಧಾರವಾಗುವುದು ಸಾರಜನಕ ಎಷ್ಟಿದೆ ಎನ್ನುವುದಕ್ಕಿಂತ ಹೆಚ್ಚಾಗಿ ಅದು ಹೇಗೆ ಕೂತಿದೆ ಎನ್ನುವುದರಿಂದ. ಇದನ್ನು ವ್ಯಾಪಾರಿಗಳೂ ಮರೆಯುತ್ತಾರೆ. ಒಂಟಿ ಪರಮಾಣುಗಳಾಗಿ ಕೆಲವೇ ಹತ್ತು ಪಿಪಿಎಂ ಇದ್ದರೂ, ಅಂದರೆ ಹತ್ತು ಲಕ್ಷ ಪರಮಾಣುಗಳಲ್ಲಿ ಕೆಲವು ಹತ್ತು ಇದ್ದರೂ, ನೀಲಿ ಬೆಳಕನ್ನು ನುಂಗಿ ಕಲ್ಲನ್ನು ಗಾಢ ಹಳದಿ ಮಾಡುತ್ತವೆ. ಅದೇ ಸಾರಜನಕ ಎರಡೆರಡಾಗಿ ಜೋಡಿ ಕೂಡಿದರೆ 1000 ಪಿಪಿಎಂ ಇದ್ದರೂ ಬಣ್ಣ ಬರುವುದಿಲ್ಲ, ಏಕೆಂದರೆ ಜೋಡಿಗಳು ಹೀರುವುದು ಕಣ್ಣಿಗೆ ಕಾಣದ ಅತಿನೇರಳೆಯನ್ನು. ಮೂರು ಸಾರಜನಕ ಸೇರಿ ಒಂದು ಖಾಲಿ ಜಾಗವನ್ನು ಸುತ್ತುವರಿದರೆ 415 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕು ಹೀರಿ ತಿಳಿ ಹಳದಿ ಕೊಡುತ್ತವೆ. ನೈಸರ್ಗಿಕ ವಜ್ರಗಳಲ್ಲಿ ನಾವು ಸಾಮಾನ್ಯವಾಗಿ ನೋಡುವ ಹಳದಿ ಛಾಯೆ ಇದೇ. 365 ನ್ಯಾನೋಮೀಟರ್ ಅತಿನೇರಳೆ ಟಾರ್ಚ್ ಬಿಟ್ಟಾಗ ಕೆಲವು ವಜ್ರ ನೀಲಿಯಾಗಿ ಹೊಳೆಯುವುದೂ ಇದರಿಂದಲೇ. ಆದರೆ ನೀಲಿ ಹೊಳಪು ವಜ್ರಕ್ಕೆ ಸಾಕ್ಷಿಯಲ್ಲ. ಫ್ಲೋರೈಟ್, ಕ್ಯಾಲ್ಸೈಟ್ ಕೂಡ ಹೊಳೆಯಬಲ್ಲವು. ವಜ್ರಗಳಲ್ಲಿ ಹೊಳೆಯುವುದು ಮೂರರಲ್ಲಿ ಒಂದರಷ್ಟೇ.

ಒಂಟಿ ಪರಮಾಣುಗಳು ಜೋಡಿಯಾಗಲು, ಜೋಡಿಗಳು ನಾಲ್ಕರ ಗುಂಪಾಗಲು ಬೇಕಾದದ್ದು ಬಿಸಿ ಮತ್ತು ಕಾಲ. ಭೂಮಿಯ ಮ್ಯಾಂಟಲ್‌ನಲ್ಲಿ (ಹೊರಚಿಪ್ಪಿನ ಕೆಳಗಿನ ದಪ್ಪ ಪದರದಲ್ಲಿ), ಸುಮಾರು 150ರಿಂದ 200 ಕಿಲೋಮೀಟರ್ ಆಳದಲ್ಲಿ, ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ವಜ್ರ ಕೋಟ್ಯಂತರ ವರ್ಷ ಕಾದಿರುತ್ತದೆ. ಅನಂತಪುರ ಜಿಲ್ಲೆಯ ವಜ್ರಕರೂರಿನ ಕಿಂಬರ್ಲೈಟ್‌ಗಳು, ಅಂದರೆ ವಜ್ರವನ್ನು ಆಳದಿಂದ ಹೊತ್ತು ತರುವ ಜ್ವಾಲಾಮುಖಿ ಬಂಡೆಗಳು, ಮೇಲೆ ಬಂದದ್ದೇ ಸುಮಾರು 110 ಕೋಟಿ ವರ್ಷಗಳ ಹಿಂದೆ. ಹಾಗಾಗಿ ನೈಸರ್ಗಿಕ ವಜ್ರಗಳಲ್ಲಿ ಶೇಕಡಾ 95ಕ್ಕೂ ಹೆಚ್ಚಿನವು ಗುಂಪುಗೂಡಿದ ಸಾರಜನಕದವು. ಒಂಟಿ ಸಾರಜನಕದವು ಸಾವಿರಕ್ಕೆ ಒಂದೂ ಸಿಗುವುದು ಕಷ್ಟ. ಒತ್ತಡದ ಯಂತ್ರದಲ್ಲಿ ಕೆಲವೇ ದಿನ, ವಾರಗಳಲ್ಲಿ ಬೆಳೆಸಿದ ವಜ್ರದಲ್ಲಿ ಗುಂಪುಗೂಡಲು ಸಮಯವೇ ಇರುವುದಿಲ್ಲ. ಆದ್ದರಿಂದ ಯಾರಾದರೂ ಗಾಢ ಹಳದಿ ಕಲ್ಲನ್ನು ‘ಹೊಲದ್ದು’ ಎಂದು ಮಾರಲು ಬಂದರೆ ಎಚ್ಚರ, ಅದು ಯಂತ್ರದಲ್ಲಿ ಬೆಳೆಸಿದ್ದಾಗಿರಬಹುದು. ಅಂಥ ಕಲ್ಲಿನಲ್ಲಿ ಬೆಳೆಸುವಾಗ ಬಳಸಿದ ಕಬ್ಬಿಣ, ನಿಕಲ್‌ನ ಕಣಗಳು ಉಳಿದಿದ್ದರೆ ಬಲವಾದ ಆಯಸ್ಕಾಂತಕ್ಕೂ ಸ್ವಲ್ಪ ಅಲುಗುತ್ತದೆ.

ಬೋರಾನ್ ಬಲು ಅಪರೂಪ. ಒಂದು ಪಿಪಿಎಂಗಿಂತ ಕಡಿಮೆ ಇದ್ದರೂ ಕಲ್ಲು ನೀಲಿಯಾಗುತ್ತದೆ, ವಿದ್ಯುತ್ತೂ ಹರಿಯುತ್ತದೆ. ಕೃಷ್ಣಾ ತೀರದ ಕೊಲ್ಲೂರು ಗಣಿಯದೆಂದು ನಂಬಲಾದ, ಈಗ ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿರುವ 45.52 ಕ್ಯಾರೆಟ್ ಹೋಪ್ ವಜ್ರ ಈ ಜಾತಿಯದು. ಮ್ಯಾಂಟಲ್‌ನಲ್ಲಿ ಬೋರಾನ್ ತೀರಾ ಕಡಿಮೆ, ಅದು ಹೆಚ್ಚಿರುವುದು ಸಮುದ್ರದ ತಳದ ಬಂಡೆಗಳಲ್ಲಿ. ಆ ತಳ ಭೂಮಿಯೊಳಗೆ ಜಾರಿ 660 ಕಿಲೋಮೀಟರ್‌ಗೂ ಆಳಕ್ಕೆ ಬೋರಾನ್ ಒಯ್ದಿರಬೇಕೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಇನ್ನು ಗುಲಾಬಿ, ಕಂದು ಬಣ್ಣಗಳು ಬಹುಪಾಲು ಬೆರಕೆಯಿಂದ ಬಂದವಲ್ಲ, ಒತ್ತಡದಲ್ಲಿ ಜಾಲ ತಿರುಚಿದ್ದರಿಂದ ಬಂದವು.

ಗ್ಯಾಸ್ ಒಲೆಯ ಮಾತಿಗೆ ಬರೋಣ. ಗಾಳಿಯಲ್ಲಿ ಸುಮಾರು 700 ಡಿಗ್ರಿ ದಾಟಿದರೆ ವಜ್ರದ ಮೈ ಉರಿಯತೊಡಗಿ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ‘ಹಳದಿ ಹೋಯಿತು’ ಎಂದು ಖುಷಿಪಡುವವರು ನೋಡುವುದು ಈ ಸುಟ್ಟ ಪದರವನ್ನು. ಒಳಗಿನ ಬೇರೆ ಖನಿಜದ ಕಣಗಳು ಬಿಸಿಗೆ ಹಿಗ್ಗಿ ಕಲ್ಲು ಸೀಳುವುದೂ ಉಂಟು. ಸುತ್ತಿಗೆ ಪರೀಕ್ಷೆಯೂ ಬೇಡ, ಗಡಸು ಕಲ್ಲಾದರೂ ವಜ್ರ ತನ್ನ ಸೀಳುಪದರದಲ್ಲಿ ಒಂದೇ ಏಟಿಗೆ ಒಡೆಯುತ್ತದೆ.

ಮಾರುವ ಮೊದಲು ರತ್ನ ಪರೀಕ್ಷಾ ಲ್ಯಾಬ್‌ನಲ್ಲಿ ಇನ್‌ಫ್ರಾರೆಡ್ ಪರೀಕ್ಷೆ ಕೇಳಿ. ಸಾರಜನಕ ಒಂಟಿಯೋ, ಜೋಡಿಯೋ, ನಾಲ್ಕರ ಗುಂಪೋ ಎಂಬುದು ಅದರ ಗ್ರಾಫ್‌ನಲ್ಲೇ ಕಾಣುತ್ತದೆ, ಕಲ್ಲಿಗೆ ಗೀರೂ ಬೀಳುವುದಿಲ್ಲ.