ಕಿವಿ ಸೋರುತ್ತಿಲ್ಲ ಅಂತ ಸುಮ್ಮನಿರಬೇಡಿ

ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಬಂದು ವಾಸಿಯಾದ ಮಗುವಿಗೆ ಕಿವಿ ಟೆಸ್ಟ್ ಮಾಡಿಸಿ ಅಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ‘ಕಿವಿ ಸೋರ್ತಿಲ್ಲ, ನೋವೂ ಇಲ್ಲ ಡಾಕ್ಟ್ರೇ. ನಿಶ್ಶಕ್ತಿ, ಅದಕ್ಕೇ ಕರೆದ್ರೆ ತಿರುಗಲ್ಲ.’ ಮಗುವಿಗಾಗಿ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತ ಅಪ್ಪ ಅಮ್ಮಂದಿರೇ ಇಲ್ಲಿ ಎಡವುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಸಾಮಾನ್ಯವಾಗಿ ಸೋರುವುದು, ನೋಯುವುದು ಹೊರಕಿವಿ ಅಥವಾ ತಮಟೆಯ ಹಿಂದಿನ ನಡುಕಿವಿ. ಶಬ್ದ ಹಿಡಿಯುವ ಕಾಕ್ಲಿಯಾ ಇರುವುದು ಇನ್ನೂ ಒಳಗೆ, ತುಂಬಾ ಗಟ್ಟಿ ಮೂಳೆಯ ನಡುವೆ. ಅಲ್ಲಿನ ರಕ್ತನಾಳಗಳ ಗೋಡೆ ಬಿಗಿ, ರಕ್ತದಲ್ಲಿರುವುದನ್ನೆಲ್ಲ ಒಳಗೆ ಬಿಡುವುದಿಲ್ಲ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳೂ ಅಲ್ಲೇ ಇರುತ್ತವೆ. ಇಷ್ಟು ಭದ್ರತೆ ಇದ್ದರೂ, ಮೆದುಳಿನ ಸುತ್ತಲಿನ ನೀರಿಗೂ ಕಾಕ್ಲಿಯಾದ ನೀರಿಗೂ ನಡುವೆ ಒಂದು ಸಣ್ಣ ಕಾಲುವೆಯಿದೆ. ಮೆನಿಂಜೈಟಿಸ್ ತರುವ ಬ್ಯಾಕ್ಟೀರಿಯಾ ಆ ದಾರಿಯಲ್ಲಿ ಒಳಗಿಳಿಯಬಹುದು.

ಜನರಿಗೆ ಅರ್ಥವಾಗದೇ ಉಳಿಯುವುದು ಮುಂದಿನ ಸಂಗತಿ. ಸೋಂಕು ಬಂದ ಕೂಡಲೇ ಬಿಳಿ ರಕ್ತಕಣಗಳು ನುಗ್ಗುತ್ತವೆ. ಆ ಹೋರಾಟದ ಉರಿಯೂತದಲ್ಲೇ ಶಬ್ದ ಹಿಡಿಯುವ ರೋಮಕೋಶಗಳೂ ಸಾಯಬಹುದು. ಒಂದು ಕಿವಿಯಲ್ಲಿ ಅವು ಇರುವುದೇ ಸುಮಾರು 15,000. ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದು ಈ ಉರಿಯೂತ ತಗ್ಗಿಸಲು. ಸ್ಟೀರಾಯ್ಡ್ ಅಂದಕೂಡಲೇ ಹೆದರಬೇಡಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಗಾಯ ಮಾಯುವಾಗ ಕಲೆ ಕಟ್ಟುವ ಹಾಗೆ, ಕಾಕ್ಲಿಯಾದ ಒಳಗೆ ನಾರು ಬೆಳೆಯುತ್ತದೆ. ಆಮೇಲೆ ಅದೇ ಮೂಳೆಯಾಗುತ್ತದೆ. ಕೆಲವು ಮಕ್ಕಳಲ್ಲಿ ಇದು ಕೆಲವೇ ವಾರಗಳಲ್ಲಿ ಶುರುವಾಗುತ್ತದೆ. ಜ್ವರ ಹೋಗಿದೆ, ಮಗು ಊಟ ಮಾಡುತ್ತಿದೆ, ಒಳಗೆ ಮಾತ್ರ ಜಾಗ ಮುಚ್ಚುತ್ತಿದೆ. ಕೇಳಿಸದ ಕಿವಿಗೆ ಆಪರೇಷನ್ ಮಾಡಿ ಹಾಕುವ ಸಾಧನ, ಕಾಕ್ಲಿಯರ್ ಇಂಪ್ಲಾಂಟ್‌ನ ತಂತಿ ತೂರಿಸಬೇಕಾದದ್ದು ಅದೇ ಜಾಗಕ್ಕೆ ಅಲ್ವಾ? ಮೂಳೆ ತುಂಬಿದ ಮೇಲೆ ಕೊರೆದು ಹಾಕಬೇಕು. ಆಗಲೂ ಪೂರ್ತಿ ಹೋಗದಿರಬಹುದು.

ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಹೆಚ್ಚಿನವರಿಗೆ ಕಿವಿ ಚೆನ್ನಾಗಿಯೇ ಉಳಿಯುತ್ತದೆ. ವೈರಸ್‌ನಿಂದ ಬಂದ ಮೆನಿಂಜೈಟಿಸ್‌ನಲ್ಲಿ ಅಪಾಯ ಇನ್ನೂ ಕಡಿಮೆ. ಆದರೆ ಯಾವ ಮಗುವಿಗೆ ಆಗಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಒಬ್ಬ ಅಜ್ಜಿ ನೆನಪಾಗುತ್ತಾರೆ. ಕುಕ್ಕರ್ ಸೀಟಿಗೆ ಬೆಚ್ಚಿಬೀಳುತ್ತಿದ್ದ ಮೊಮ್ಮಗ ಈಗ ಬೆಚ್ಚುತ್ತಿಲ್ಲ, ನಡೆಯುತ್ತಿದ್ದವನು ಮತ್ತೆ ತೆವಳುತ್ತಿದ್ದಾನೆ ಅಂದರು. ‘ಸುಸ್ತಮ್ಮಾ’ ಎಂದ ಮಗನನ್ನು ಗದರಿಸಿ ಮಗುವನ್ನು ಎತ್ತಿಕೊಂಡು ಬಂದಿದ್ದರು. ಎಷ್ಟು ಸರಿಯಾಗಿ ಗಮನಿಸಿದ್ದರು! ದೇಹದ ಸಮತೋಲ ನೋಡಿಕೊಳ್ಳುವುದೂ ಒಳಕಿವಿಯೇ. ಅವರು ಬೇಗ ಬಂದಿದ್ದರಿಂದ ಎರಡೂ ಕಿವಿಗೆ ಇಂಪ್ಲಾಂಟ್ ಹಾಕಲು ಆಯಿತು.

ಮನೆಯಲ್ಲಿ ತಟ್ಟೆ ಬಡಿದು ನೋಡುವುದು ಟೆಸ್ಟ್ ಅಲ್ಲ. ಕೈಯ ನೆರಳು ಕಂಡೂ ಮಗು ತಿರುಗುತ್ತದೆ. ಡಿಸ್ಚಾರ್ಜ್‌ಗೆ ಮೊದಲೇ, ತಪ್ಪಿದರೆ 4 ವಾರದೊಳಗೆ ಬೇರಾ ಟೆಸ್ಟ್ (ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತವೆಯೇ ಎಂದು ಅಳೆಯುವ ಪರೀಕ್ಷೆ) ಮಾಡಿಸಿ. ಮಗು ನಿದ್ದೆಯಲ್ಲಿರುವಾಗಲೇ ಆಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾಡುತ್ತಾರೆ. ಕೇಳಿಸುತ್ತಿಲ್ಲ ಎಂದು ಬಂದರೆ ಎಂಆರ್‌ಐ ಮುಂದೂಡಬೇಡಿ. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಕಾಣುವ ಮೊದಲೇ ಎಂಆರ್‌ಐನಲ್ಲಿ ನಾರು ಕಾಣಬಹುದು.