ಉಚಿತ ಆನ್‌ಲೈನ್ ಕೋರ್ಸ್‌ಗೆ ಸೇರಿದವರು ಅರ್ಧಕ್ಕೇ ಬಿಡುವುದೇಕೆ?

ಪ್ರಶ್ನೆ: ಹೆಸರಾಂತ ವಿಶ್ವವಿದ್ಯಾಲಯಗಳ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿದ್ದರೂ ಸೇರಿದವರಲ್ಲಿ ಬಹುಪಾಲು ಮಂದಿ ಮುಗಿಸುವುದಿಲ್ಲವಂತೆ. ಹಾಗಾದರೆ ಈ ಕೋರ್ಸ್‌ಗಳಿಂದ ಪ್ರಯೋಜನವಿಲ್ಲವೆ?

ಉತ್ತರ: ಬಿಡುವವರೇ ಹೆಚ್ಚು ಎಂಬುದು ನಿಜ. ಅಮೆರಿಕದ ಎಂಐಟಿ ಸಂಸ್ಥೆಯು 2012ರಲ್ಲಿ ನಡೆಸಿದ ‘ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್’ ಕೋರ್ಸ್‌ಗೆ 1,54,763 ಮಂದಿ ನೋಂದಾಯಿಸಿದ್ದರು. ಪ್ರಮಾಣಪತ್ರ ಪಡೆದವರು 7,157. ಈ ಎರಡು ಅಂಕಿಗಳ ನಡುವೆ ಮತ್ತೊಂದನ್ನೂ ಇಟ್ಟು ನೋಡಬೇಕು. ಮೊದಲ ಅಭ್ಯಾಸದ ಲೆಕ್ಕಗಳಲ್ಲಿ ಒಂದಾದರೂ ಅಂಕ ಗಳಿಸಿದವರು 26,349 ಮಾತ್ರ. ಶುಲ್ಕವೂ ಪ್ರವೇಶ ಪರೀಕ್ಷೆಯೂ ಇಲ್ಲದ ಕಡೆ, ಏನಿದೆಯೆಂದು ಇಣುಕಿ ಹೋದವರನ್ನೆಲ್ಲ ಓದು ಬಿಟ್ಟವರೆಂದು ಎಣಿಸುವುದು ನ್ಯಾಯವಲ್ಲ. ನಿಜವಾಗಿ ಕೈಹಚ್ಚಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಮುಗಿಸಿದ್ದಾರೆ, ಮತ್ತು ಅಷ್ಟು ಜನರಿಗೆ ತರಗತಿಯಲ್ಲಿ ಕೂರಿಸಿ ಅದನ್ನು ಕಲಿಸಲು ಹತ್ತಾರು ವರ್ಷಗಳೇ ಬೇಕಾಗುತ್ತಿದ್ದವು.

ಇದಕ್ಕಿಂತ ಗಂಭೀರವಾದ ತೊಡಕು ಬೇರೆಯಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಥ ಕೋರ್ಸ್‌ಗಳಿಗೆ ಸೇರಿದವರ ಸಮೀಕ್ಷೆಯ ಫಲಿತಾಂಶ 2013ರಲ್ಲಿ ಹೊರಬಂದಾಗ, ಉತ್ತರಿಸಿದವರಲ್ಲಿ ಹತ್ತಕ್ಕೆ ಎಂಟು ಮಂದಿ ಆಗಲೇ ಪದವಿ ಪಡೆದವರಾಗಿದ್ದರು. ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೆಂದು ತೆರೆದ ಬಾಗಿಲಿನಿಂದ ಒಳಗೆ ಹೋದವರು ಹೆಚ್ಚಾಗಿ ಓದಿದವರೇ ಎಂಬುದು ನನಗೆ ನೋವಿನ ಸಂಗತಿ.

ಆದರೂ ಮಂಗೋಲಿಯಾದ ಬಟ್ಟುಶಿಗ್ ಮ್ಯಾಂಗನ್‌ಬಾಯರ್ ಎಂಬ ಹುಡುಗನನ್ನು ಮರೆಯಲಾಗದು. ಉಲಾನ್‌ಬಾತರ್‌ನಲ್ಲಿ ಓದುತ್ತಿದ್ದ 15ರ ಈ ಬಾಲಕ ಮೇಲೆ ಹೇಳಿದ ಎಂಐಟಿ ಕೋರ್ಸ್‌ನಲ್ಲೇ ಪೂರ್ಣ ಅಂಕ ಗಳಿಸಿ, ಮುಂದೆ ಆ ಸಂಸ್ಥೆಗೇ ವಿದ್ಯಾರ್ಥಿಯಾಗಿ ಹೋದ. ಪತ್ರಿಕೆಗಳು ಅವನ ಪ್ರತಿಭೆಯನ್ನು ಹೊಗಳಿದವು. ಅದು ಸಲ್ಲಬೇಕಾದ ಹೊಗಳಿಕೆಯೇ. ಆದರೆ ಅವನ ಶಾಲೆಯ ಮುಖ್ಯಸ್ಥರು ಸ್ವತಃ ಎಂಐಟಿಯಲ್ಲಿ ಓದಿದವರು; ಈ ಕೋರ್ಸನ್ನು ಶಾಲೆಗೆ ತಂದವರು ಅವರೇ. ಅವರ ಕರೆಗೆ ಓಗೊಟ್ಟು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಪ್ರಯೋಗದ ಉಪಕರಣಗಳನ್ನು ಹೊತ್ತು ಅಲ್ಲಿಗೆ ಬಂದು ಮಕ್ಕಳಿಗೆ ಕೈಯಾರೆ ಮಾಡಿಸಿದ್ದರು. ವೀಡಿಯೊ ಎಲ್ಲರಿಗೂ ಒಂದೇ ಆಗಿತ್ತು, ಪಕ್ಕದಲ್ಲಿ ನಿಂತು ಅನುಮಾನ ಬಿಡಿಸುವವರು ಎಲ್ಲರಿಗೂ ಇರಲಿಲ್ಲ.

ನಮ್ಮ ದೇಶದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯು, 2017ರಲ್ಲಿ ಬಂದ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಮೂಲಕವೂ ಪಾಠ ನೀಡುತ್ತಿದೆ. ಇಲ್ಲಿ ಕಲಿಕೆ ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ವಾರವಾರದ ಅಸೈನ್‌ಮೆಂಟ್‌ಗಳ ಜೊತೆಗೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಈ ಕಟ್ಟುಪಾಡು ಹೊರೆಯಂತೆ ಕಂಡರೂ ಓದನ್ನು ಹಿಡಿದು ನಿಲ್ಲಿಸುವುದು ಅದೇ ಎಂದು ನನ್ನ ಅಭಿಪ್ರಾಯ. ಹಲವು ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ಸ್ಥಳೀಯ ಘಟಕಗಳೂ ಅವುಗಳಿಗೊಬ್ಬ ಸಂಯೋಜಕರೂ ಇದ್ದಾರೆ. ಕೆಲವು ಪಾಠಗಳ ಕನ್ನಡ ಅನುವಾದವೂ ದೊರೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಂದವರಿಗೆ ಶುಲ್ಕಕ್ಕಿಂತ ಇಂಗ್ಲಿಷ್ ಉಪನ್ಯಾಸದ ವೇಗವೇ ದೊಡ್ಡ ತಡೆಯಾಗಿರುವುದರಿಂದ, ಸೇರುವ ಮೊದಲು ಕನ್ನಡ ಅನುವಾದವಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಒಬ್ಬರೇ ಸೇರುವ ಬದಲು ಇಬ್ಬರು ಮೂವರು ಸಹಪಾಠಿಗಳು ಒಂದೇ ಕೋರ್ಸ್‌ಗೆ ಹೆಸರು ಕೊಟ್ಟು, ವಾರಕ್ಕೊಮ್ಮೆ ಕೂತು ಲೆಕ್ಕ ಬಿಡಿಸುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.